ಗ್ರೀಸ್ ಡಬ್ಬಿಯ ಕಳ್ಳಿ

"ಇವತ್ತು ಈ ಕಳ್ಳಿ ಕಸಕ್ಕೆ ಹೋಗಬೇಕು. ಇಲ್ಲಾಂದ್ರೆ ಈ ಮನೆಯಿಂದ ನಾನೇ ಹೋಗ್ತೀನಿ!"

"ಕಸದ ಗಾಡಿಯವನು ನಿನ್ನ ತಗೊಳ್ಳಲ್ಲಮ್ಮ. ಹಸಿ ಕಸಾನೋ ಒಣ ಕಸಾನೋ ಅಂತ ತಕರಾರು ತೆಗೀತಾನೆ."

"ಮುಚ್ಚೇ ಬಾಯಿ! ನಿನ್ನ ಅಂಗೈಗೆ ಚುಚ್ಚಿದ್ರೆ ಈ ನಗು ಎಲ್ಲಿಗೆ ಹೋಗ್ತಿತ್ತೋ ನೋಡ್ತಿದ್ದೆ!"

ಹೆಗಲ ಮೇಲಿನ ಒದ್ದೆ ಹೊದಿಕೆಯನ್ನೂ ಇಳಿಸದೆ ಡ್ರೆಸ್ಸರನ ಹೆಂಡತಿ ಹಿಂದಿನ ಬಾಲ್ಕನಿಯಲ್ಲಿ ಕೂಗಾಡುತ್ತಿದ್ದಳು. ಮುರುಕು ಬಕೆಟ್ಟು, ಸವೆದ ಪೊರಕೆಗಳ ಹಿಂದೆ ತಿಂಗಳುಗಟ್ಟಲೆ ಬಿದ್ದಿದ್ದ ಕಳ್ಳಿ ಗಿಡಕ್ಕೆ ಅವಳ ಕೈ ತಗುಲಿ ಮೂರು ಮುಳ್ಳು ಒಳಗೇ ಮುರಿದಿದ್ದವು. ಬಾಗಿಲಿಗೆ ಒರಗಿ ಚಹಾ ಕುಡಿಯುತ್ತ ಉತ್ತರ ಕೊಡುತ್ತಿದ್ದವಳು ಮಗಳು. ಜೆರಾಕ್ಸ್ ಅಂಗಡಿಯಲ್ಲಿ ಕೆಲಸ, ಇಪ್ಪತ್ತಾರು ವಯಸ್ಸು, ಮನೆಯಲ್ಲಿ ಇನ್ನೂ ಅವಳಿಗೆ ಚಿಕ್ಕವಳು ಎಂದೇ ಹೆಸರು.

ಡ್ರೆಸ್ಸರ್ ಕನ್ನಡಕ ಏರಿಸಿ, ಚಿಮಟ ಹಿಡಿದು, ಹೆಂಡತಿಯ ಅಂಗೈಯನ್ನು ಬೆಳಕಿಗೆ ತಿರುಗಿಸಿದ. ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ಗಾಯ ತೊಳೆದು ಪಟ್ಟಿ ಕಟ್ಟಿದ ಕೈ ಅದು. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಬೀದಿಯ ಜನರಿಗೆ ಅವನು ಡ್ರೆಸ್ಸರೇ. ಮುಳ್ಳು ಮೂರೂ ಬಂದವು, ಒಂದು ಹನಿ ರಕ್ತ ಬರಲಿಲ್ಲ.

"ಆಯ್ತು. ಇಷ್ಟಕ್ಕೆ ಊರು ಒಂದು ಮಾಡ್ತೀಯಲ್ಲ."

"ನಿಮಗೇನು? ಬಟ್ಟೆ ಒಗೆಯೋಳು ನಾನು." ಹೆಂಡತಿ ಬಗ್ಗಿ ಗಿಡದ ಡಬ್ಬಿ ಎತ್ತಿಯೇಬಿಟ್ಟಳು. ಗೇಣುದ್ದದ ಕಳ್ಳಿ. ಹಳದಿ ತಿರುಗಿ, ಸುಕ್ಕುಗಟ್ಟಿ, ಕುಡಿದವನ ಹಾಗೆ ಒಂದು ಕಡೆ ವಾಲಿತ್ತು.

"ಅತ್ತೆ, ಅದನ್ನ ಕೆಳಗಿಡಿ."

ಸೊಸೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಕೆಲಸಕ್ಕೆ ಹೊರಟ ಚೀಲ ಹೆಗಲಲ್ಲಿತ್ತು. ಕನ್ನಡಕದ ಅಂಗಡಿಯಲ್ಲಿ ಗಾಜನ್ನು ಚೌಕಟ್ಟಿನ ಅಳತೆಗೆ ಉಜ್ಜುವ ಕೆಲಸ ಅವಳದು. ಮಾತೂ ಹಾಗೆಯೇ, ಅಳತೆಗಿಂತ ಒಂದು ಎಳೆ ಹೆಚ್ಚಿರುತ್ತಿರಲಿಲ್ಲ.

"ಸತ್ತಿರೋ ಗಿಡ ಕಣೇ ಇದು."

"ಅವರು ತಂದಿದ್ದು. ಬಿಸಾಡೋದಾದ್ರೆ ನನ್ನನ್ನೂ ಸೇರಿಸಿ ಬಿಸಾಡಿ."

ಹೆಂಡತಿ ಡಬ್ಬಿ ಕೆಳಗಿಟ್ಟಳು. ಚಿಕ್ಕವಳು ಚಹಾದ ಲೋಟದೊಳಗೆ ಮುಖ ಇಳಿಸಿದಳು. ಆಗ ಡ್ರೆಸ್ಸರ್ ಬಾಯಿಬಿಟ್ಟ.

"ಗಿಡ ನಾನು ನೋಡ್ಕೋತೀನಿ. ಉಳಿಸ್ತೀನಿ."

ಸೊಸೆ ಅವನನ್ನು ನೋಡಲಿಲ್ಲ. ಅವನ ಪಕ್ಕದ ಗೋಡೆಯನ್ನು ನೋಡಿದಳು. ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದು ಹೋದಳು.

ಒಂಬತ್ತು ತಿಂಗಳಿಂದ ಹೀಗೇ ನಡೆದಿತ್ತು. ಒಂದೇ ಸೂರು, ಒಂದೇ ಒಲೆ, ಮಾವನ ಜೊತೆ ಮಾತ್ರ ಮಾತಿಲ್ಲ. ಊಟಕ್ಕೆ ಬಡಿಸುವಾಗಲೂ "ಅತ್ತೆ, ಇನ್ನೂ ಅನ್ನ ಬೇಕಾ ಅಂತ ಕೇಳಿ" ಎನ್ನುತ್ತಿದ್ದಳು, ಅವನು ಮೊಣಕೈ ದೂರದಲ್ಲಿ ಕೂತಿರುತ್ತಿದ್ದ. ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಲಿಫ್ಟ್ ರಿಪೇರಿ ಮಾಡುತ್ತಿದ್ದ ಮಗನ ಹಿಮ್ಮಡಿಗೆ ತಗಡು ಕುಯ್ದಿತ್ತು. "ಮನೇಲಿ ನಾನಿರುವಾಗ ಡಾಕ್ಟರ್ ಯಾಕೆ?" ಎಂದು ಡ್ರೆಸ್ಸರ್ ಹನ್ನೆರಡು ದಿನ ತಾನೇ ಪಟ್ಟಿ ಕಟ್ಟಿದ. ಮಗನಿಗೆ ಸಕ್ಕರೆ ಕಾಯಿಲೆ ಇದ್ದದ್ದು ಮಗನಿಗೇ ಗೊತ್ತಿರಲಿಲ್ಲ. ಹದಿಮೂರನೇ ದಿನ ಆಸ್ಪತ್ರೆಗೆ ಒಯ್ದಾಗ ಕಾಲು ತೆಗೆದರು. ಹದಿನಾರನೇ ದಿನ ಅವನೇ ಹೋದ. ಮೂವತ್ಮೂರು ವರ್ಷ. ಮಕ್ಕಳಿರಲಿಲ್ಲ. ಮನೆಯಲ್ಲಿ ಮೂವರು ಹಣೆಬರಹ ಎಂದರು. ನಾಲ್ಕನೆಯವಳು ಏನೂ ಅನ್ನಲಿಲ್ಲ.

ಡ್ರೆಸ್ಸರ್‌ಗೆ ಬೇಕಾಗಿದ್ದದ್ದು ಇಷ್ಟೇ. ಅವಳು ಒಂದು ಸಲ ಮಾವ ಎನ್ನಬೇಕು. ಬೈದಾದರೂ ಸರಿ. ಈ ಗಿಡ ಬದುಕಿದರೆ ಅಂದಾಳು ಎಂದು ಅವನು ತನ್ನೊಳಗೇ ತೀರ್ಮಾನ ಮಾಡಿಕೊಂಡ.

ಉಳಿಸ್ತೀನಿ ಎಂದು ಹೇಳಿದ್ದಷ್ಟೇ, ಜನ್ಮದಲ್ಲಿ ಒಂದು ಕೊತ್ತಂಬರಿ ಬೆಳೆದವನಲ್ಲ ಅವನು. ಯಾವುದೋ ಕಚೇರಿಯ ಲಿಫ್ಟಿನ ಪಕ್ಕ ಯಾರೋ ಎಸೆದಿದ್ದ ಕಳ್ಳಿಯನ್ನು ಮಗ ಖಾಲಿ ಗ್ರೀಸ್ ಡಬ್ಬಿಗೆ ನೆಟ್ಟು ತಂದಿದ್ದ. ಡಬ್ಬಿಗೆ ತಳದಲ್ಲಿ ತೂತಿರಲಿಲ್ಲ. ಡ್ರೆಸ್ಸರ್ ಅದನ್ನು ನೋಡಲೂ ಇಲ್ಲ. ಬಾಡಿದ್ದಕ್ಕೆ ನೀರು, ಇದಕ್ಕಿಂತ ಏನು ಶಾಸ್ತ್ರ ಎಂದು ಔಷಧಿ ಅಳೆಯುವ ಲೋಟದಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಹಾಕತೊಡಗಿದ. ಹೆಂಡತಿಗೆ ಡಬ್ಬಿ ಎತ್ತಿದ ಪಾಪ ಕಾಡುತ್ತಿತ್ತು. ಅವಳು ಯಾರಿಗೂ ಹೇಳದೆ ಅಕ್ಕಿ ತೊಳೆದ ನೀರು ಹಾಕಿದಳು. ಚಿಕ್ಕವಳು ತನ್ನ ಪಾಲಿನದೆಂದು ಚಹಾದ ಗಸಿ ಸುರಿದಳು.

ಹತ್ತು ದಿನಕ್ಕೆ ಕಳ್ಳಿ ಉಬ್ಬಿತು. "ನೋಡಿದ್ಯಾ? ಮೈ ತುಂಬ್ಕೋತಿದೆ" ಎಂದು ಡ್ರೆಸ್ಸರ್ ಊಟಕ್ಕೆ ಕೂತು ಸೊಸೆಗೆ ಕೇಳುವ ಹಾಗೆ ಹೆಂಡತಿಗೆ ಹೇಳಿದ. ಸೊಸೆ ಮೊಟ್ಟೆ ಸುಲಿಯುತ್ತಲೇ ಇದ್ದಳು. ಮೂರನೇ ವಾರ ಬುಡ ಮೆತ್ತಗಾಯಿತು. ಒತ್ತಿದರೆ ಬೆರಳು ಒಳಗಿಳಿಯಿತು, ಕಂದು ನೀರು ಒಸರಿತು.

"ಅಪ್ಪಾ, ಬೇಕಾದ್ರೆ ಹುಡುಕಿ ಪ್ರಿಂಟ್ ತಂದುಕೊಡ್ತೀನಿ, ಕಳ್ಳಿ ಹೇಗೆ ಸಾಕೋದು ಅಂತ."

"ಕಾಗದ ನೋಡಿ ಕಲಿಯೋಕೆ ನಾನೇನು ನಿನ್ನ ಅಂಗಡಿ ಮಿಷನ್ನಾ?"

"ಮಿಷನ್‌ಗೆ ಬುದ್ಧಿ ಇದೆ ಅಪ್ಪಾ. ಒಳಗೆ ಪೇಪರ್ ಸಿಕ್ಕಿಕೊಂಡ್ರೆ ನಿಂತ್ಕೊಳ್ಳುತ್ತೆ. ನೀನು ನಿಲ್ಲಲ್ಲ."

ಬೈದು ಅವಳನ್ನು ಕೆಲಸಕ್ಕೆ ಅಟ್ಟಿದ. ಬೈದ ಮೇಲೆ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಮೇಲ್ಸೇತುವೆ ಕೆಳಗೆ ಗಿಡ ಮಾರುವವಳ ಹತ್ತಿರ ಹೋದ. ಆಕೆಗೆ ಅವನಷ್ಟೇ ವಯಸ್ಸು, ಬಾಯಿ ಅವನಿಗಿಂತ ಜೋರು. ಡಬ್ಬಿ ಓರೆ ಮಾಡಿದಳು. ನೀರು ತೊಟ್ಟಿಕ್ಕಿತು.

"ಯಜಮಾನ್ರೇ, ಇದನ್ನ ಸಾಕಿದ್ರಾ, ಮುಳುಗಿಸಿದ್ರಾ?"

"ಒಣಗಿತ್ತು. ನೀರು ಹಾಕಿದೆ."

"ಎಷ್ಟು ದಿನಕ್ಕೊಂದ್ಸಲ?"

"ದಿನಕ್ಕೆರಡು ಸಲ."

ಆಕೆ ಪಕ್ಕದ ಹಣ್ಣಿನವನನ್ನು ಕೂಗಿ ಕರೆದು ತೋರಿಸಿದಳು. "ನೋಡಪ್ಪಾ, ಕಳ್ಳಿಗೆ ಬಾಣಂತನ ಮಾಡಿದಾರೆ!" ಇಬ್ಬರೂ ನಕ್ಕರು. ಡ್ರೆಸ್ಸರ್ ಎದ್ದು ಹೊರಟ. ಆಕೆ ತೋಳು ಹಿಡಿದು ಕೂರಿಸಿದಳು.

"ಸಿಟ್ಟು ಬೇಡ, ಕೇಳಿ. ಕೊಳೆತಿದ್ದನ್ನ ಕುಯ್ದು ತೆಗೀರಿ. ಒಳಗೆ ಒಂದು ಚುಕ್ಕೆ ಕಂದು ಕಂಡ್ರೂ ಇನ್ನೂ ಮೇಲೆ ಕುಯ್ರಿ. ಉಳಿದಿದ್ದನ್ನ ನೆರಳಲ್ಲಿ, ಗಾಳಿ ಆಡೋ ಕಡೆ ಹದಿನೈದು ದಿನ ಸುಮ್ನೆ ಮಲಗಿಸಿ. ಮಣ್ಣು ಬೇಡ, ನೀರು ಬೇಡ. ಕುಯ್ದ ಜಾಗ ಒಣಗಿ ಗಟ್ಟಿಯಾದ ಮೇಲೆ ಮರಳುಮಣ್ಣಿಗೆ ಇಡಿ."

"ಹದಿನೈದು ದಿನ ಬಾಯಿಬಿಟ್ಟ ಗಾಯ ಹಾಗೇ ಇರೋದಾ?"

"ಹಾಗೇ. ಅದರ ಔಷಧಿ ಅದರ ಹತ್ರಾನೇ ಇದೆ. ನಿಮ್ಮ ಕೈ ದೂರ ಇಟ್ರೆ ಸಾಕು."

ಆ ಸಂಜೆ ವರಾಂಡದಲ್ಲಿ ಹಳೇ ಪೇಪರ್ ಹಾಸಿ, ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಡ್ರೆಸ್ಸರ್ ಕುಯ್ಯಲು ಕೂತ. ಚಿಕ್ಕವಳು ಬಟ್ಟೆ ಸುತ್ತಿ ಗಿಡ ಹಿಡಿದುಕೊಂಡಳು. ಮೊದಲ ಹೋಳಿನ ನಡುವೆ ಕಂದು ಉಂಗುರ ಕಂಡಿತು. ಎರಡನೆಯದರಲ್ಲಿ ಚುಕ್ಕೆ. ಮೂರನೆಯದು ಸೌತೆಕಾಯಿಯ ಹಾಗೆ ತಿಳಿಹಸಿರು. ಗೇಣುದ್ದದ್ದು ನಾಲ್ಕು ಬೆರಳಷ್ಟು ಉಳಿಯಿತು.

"ಕೈ ಒಂಚೂರೂ ನಡುಗಲ್ಲ ಅಪ್ಪಾ ನಿಂಗೆ" ಎಂದಳು ಮಗಳು. ಮೆಚ್ಚಿಯೇ ಅಂದಳು. ಅವನು ಬ್ಲೇಡ್ ಒರೆಸಿ ಎತ್ತಿಟ್ಟ.

ಎರಡು ದಿನ ಮುಟ್ಟದೆ ತಡೆದ. ಮೂರನೇ ದಿನ ಮಧ್ಯಾಹ್ನ ಕುಯ್ದ ಜಾಗದ ಮೇಲೆ ನೊಣ ಕೂತಿತು. ಓಡಿಸಿದ. ಇನ್ನೊಂದು ಕೂತಿತು. ಮಗಳೂ ಸೊಸೆಯೂ ಕೆಲಸಕ್ಕೆ ಹೋಗಿದ್ದರು, ಹೆಂಡತಿ ತರಕಾರಿಗೆ ಹೋಗಿದ್ದಳು. ಅವನು ಹೋಗಿ ತನ್ನ ತಗಡಿನ ಪೆಟ್ಟಿಗೆ ತಂದ. ಮುಲಾಮು ಹಚ್ಚಿದ, ಗಾಜ್ ಬಟ್ಟೆಯ ತುಣುಕು ಇಟ್ಟ, ಮೇಲೆ ಪಟ್ಟಿ ಸುತ್ತಿದ. ಮುಳ್ಳುಗಳ ನಡುವೆ ಸುತ್ತುವುದು ಸುಲಭವಲ್ಲ, ಆದರೆ ಮಗುವಿನ ಹೆಬ್ಬೆರಳಿಗೆ ಕಟ್ಟಿದಷ್ಟು ಅಚ್ಚುಕಟ್ಟಾಗಿ ಕಟ್ಟಿದ. ಟಿ.ವಿ. ಹಿಂದಿನ ಗೂಡಿನಲ್ಲಿ ಇಟ್ಟ. ಅವತ್ತು ಅವನಿಗೆ ಊಟ ಸೇರಿತು.

ಭಾನುವಾರ ಸೊಸೆ ಧೂಳು ಹೊಡೆಯುತ್ತ ಟಿ.ವಿ. ಸರಿಸಿದಳು.

ಅಡುಗೆಮನೆಯಲ್ಲಿದ್ದ ಹೆಂಡತಿಗೆ ಏನೋ ಬಿದ್ದ ಸದ್ದು ಕೇಳಿತು. ಹೊರಗೆ ಬಂದಾಗ ಸೊಸೆ ಬಿಳಿಪಟ್ಟಿಯ ಆ ಪುಟ್ಟ ಗಂಟನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದಳು. ಮುಳ್ಳು ಚುಚ್ಚುತ್ತಿದ್ದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಡ್ರೆಸ್ಸರ್ ಕುರ್ಚಿಯಿಂದ ಏಳಲು ಹೋದವನು ಅರ್ಧದಲ್ಲೇ ನಿಂತ.

"ಬಿಚ್ಚಿ ಇದನ್ನ."

ಸುಮಾರು ಹತ್ತು ತಿಂಗಳ ಮೇಲೆ ಅವಳು ಅವನಿಗೆ ಆಡಿದ ಮೊದಲ ಮಾತು ಅದು.

"ನೊಣ ಕೂರ್ತಿತ್ತಮ್ಮ..."

"ಬಿಚ್ಚಿ ಅಂದೆ! ಅವರದೂ ಹೀಗೇ ಕಟ್ಟಿದ್ರಿ. ಹನ್ನೆರಡು ದಿನ! ದಿನಾ ಕೇಳ್ದೆ, ಡಾಕ್ಟರ್‌ಗೆ ತೋರ್ಸೋಣ, ತೋರ್ಸೋಣ ಅಂತ. ಏನಂದ್ರಿ ನೀವು? ನನ್ನ ಕೈ ಮೇಲೆ ನಂಬಿಕೆ ಇಲ್ವಾ ಅಂದ್ರಿ. ಅವರು ನಿಮ್ಮ ಕಡೆ ನೋಡಿ ಇರ್ಲಿ ಬಿಡೇ, ಅಪ್ಪಂಗೆ ಬೇಜಾರಾಗುತ್ತೆ ಅಂದ್ರು. ನಿಮಗೆ ಬೇಜಾರಾಗುತ್ತೆ ಅಂತ ಸತ್ರು ಅವರು!"

"ಏ, ನಾಲಿಗೆ ಬಿಗಿ ಹಿಡಿ!" ಹೆಂಡತಿ ನಡುವೆ ಬಂದಳು. "ಹೆತ್ತ ಅಪ್ಪ ಮಗನ್ನ ಕೊಲ್ತಾನಾ? ಊರಿಗೆ ಊರೇ ಇವರ ಕೈಗುಣ ಹೊಗಳುತ್ತೆ!"

"ಹೊಗಳಲಿ ಅತ್ತೆ. ಊರ ಹೆಂಗಸರಿಗೆಲ್ಲ ಗಂಡ ಇದಾನೆ, ನಂಗಿಲ್ಲ."

ಡ್ರೆಸ್ಸರ್ ಕೈ ಚಾಚಿ ಗಂಟನ್ನು ತೆಗೆದುಕೊಂಡ. ಬಿಚ್ಚಿದ. ಕೊನೆಯ ಸುತ್ತು ಮಾಂಸಕ್ಕೆ ಅಂಟಿಕೊಂಡಿತ್ತು. ಎಳೆದಾಗ ಕಪ್ಪು ಲೋಳೆ ಜೊತೆಗೇ ಬಂತು. ವಾಸನೆ ಕೋಣೆಗೆಲ್ಲ ಹರಡಿತು. ಚಿಕ್ಕವಳು ಎದ್ದು ಕಿಟಕಿ ತೆರೆದಳು. ಅವನು ಬ್ಲೇಡ್ ತಂದು ಕುಯ್ದ, ಮತ್ತೆ ಕುಯ್ದ. ಎರಡು ಬೆರಳಷ್ಟು ತುಂಡು ಉಳಿಯಿತು. ಈ ಸಲ ಕುಯ್ದದ್ದು ಓರೆಯಾಗಿತ್ತು.

ಸೊಸೆ ಆ ತುಂಡನ್ನು ಕಿಟಕಿಯ ದಂಡೆ ಮೇಲೆ ಮಲಗಿಸಿದಳು. "ಇದನ್ನ ಯಾರೂ ಮುಟ್ಟಬಾರದು. ಯಾರೂ ಅಂದ್ರೆ ಯಾರೂ."

ಯಾರೂ ಮುಟ್ಟಲಿಲ್ಲ. ಮನೆಯಲ್ಲಿ ಬರೀ ಪಾತ್ರೆ ಸದ್ದು. ಡ್ರೆಸ್ಸರ್ ಬೆಳಿಗ್ಗೆ ಎದ್ದು ದೂರದಿಂದ ಕಿಟಕಿ ನೋಡುತ್ತಿದ್ದ, ಕೈಗಳನ್ನು ತೊಡೆ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದ. ಗಡಿಯಾರ ರಿಪೇರಿಯವನು ಬೆರಳು ಕುಯ್ದುಕೊಂಡು ಬಂದ.

"ಡ್ರೆಸ್ಸರೇ, ಒಂದು ಪಟ್ಟಿ."

"ಆಸ್ಪತ್ರೆಗೆ ಹೋಗಿ."

"ಇಷ್ಟಕ್ಕಾ? ನಿಮ್ಮ ಕೈಲಿ ಎರಡು ನಿಮಿಷದ ಕೆಲಸ..."

"ಆಸ್ಪತ್ರೆಗೆ ಹೋಗಿ ಅಂದೆನಲ್ಲ!"

ಬಂದವನು ಮುಖ ಸಣ್ಣ ಮಾಡಿಕೊಂಡು ಹೋದ. ಕೆಳಮನೆಯ ಟೈಲರ್ ಬಂದಳು, ಅವಳನ್ನೂ ಹಾಗೆಯೇ ಅಟ್ಟಿದ. ಡ್ರೆಸ್ಸರ್‌ಗೆ ಜಂಬ ಬಂದಿದೆ ಎಂದು ಬೀದಿಯಲ್ಲಿ ಮಾತಾಯಿತು.

ಒಂದು ಮಧ್ಯಾಹ್ನ ಹೆಂಡತಿ ಎದುರಿಗೆ ಕೂತು ಆಲೂಗಡ್ಡೆ ಹೆರೆಯುತ್ತಿದ್ದಳು.

"ಏನೇ, ಅವಳು ಅಂದಿದ್ದು ನಿಜಾನಾ?" ಎಂದ.

ಹೆಂಡತಿ ಒಂದು ಆಲೂಗಡ್ಡೆ ಮುಗಿಸಿ ನೀರಿಗೆ ಹಾಕಿದಳು. ಇನ್ನೊಂದು ತೆಗೆದುಕೊಂಡಳು.

"ವಾಸನೆ ನಂಗೂ ಬಂದಿತ್ತು ರೀ. ಏಳನೇ ದಿನವೋ ಎಂಟನೇ ದಿನವೋ. ನಿಮ್ಮ ಮುಖ ನೋಡಿ ಸುಮ್ನಾದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಮಗೆ ಬಂದಿರ್ಲಿಲ್ವಾ?"

ಅವನು ಎದ್ದು ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ನಲ್ಲಿ ಬಹಳ ಹೊತ್ತು ಸುರಿಯಿತು. ಹೆಂಡತಿ ಸಿಪ್ಪೆ ಬಾಚಿ, ನೆಲ ಒರೆಸಿ, ಒಲೆ ಹಚ್ಚಿದಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಬುದ್ಧಿ ಬಂದವರು ಆಮೇಲೆ ಅದನ್ನು ಎಲ್ಲಿಡಬೇಕು ಎಂದು ಯಾರೂ ಹೇಳಿಲ್ಲ.

ಹದಿನೇಳನೇ ದಿನ, ಕೆಲಸದಿಂದ ಬಂದ ಸೊಸೆ ಕಿಟಕಿಯ ತುಂಡನ್ನು ತಿರುವಿ ನೋಡಿದಳು. ಕುಯ್ದ ಜಾಗ ಒಣಗಿ, ಒಳಕ್ಕೆ ತಗ್ಗಿ, ಕಾಲಿನ ಆಣಿಯ ಹಾಗೆ ಗಟ್ಟಿಯಾಗಿತ್ತು.

"ಮಾವ, ಸ್ವಲ್ಪ ಮರಳು ಬೇಕಿತ್ತು."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಅಂಗಿಯ ಗುಂಡಿ ಹಾಕದೆ ಮೆಟ್ಟಿಲು ಇಳಿದ. ಕಟ್ಟಡ ಕೆಲಸ ನಡೆಯುತ್ತಿದ್ದ ಕಡೆ ಮೇಸ್ತ್ರಿಯನ್ನು ಕಾಡಿ ಬೇಡಿ ಒಂದು ಚೀಲ ದಪ್ಪ ಮರಳು ತಂದ. ಗೊಬ್ಬರದಂಗಡಿಯಿಂದ ಒಣಮಣ್ಣು ತಂದ. ಗ್ರೀಸ್ ಡಬ್ಬಿ ತೊಳೆದು, ಮೊಳೆ ಹೊಡೆದು ತಳಕ್ಕೆ ಆರು ತೂತು ಮಾಡಿದ.

"ಎಂಟು ಮಾಡ್ಲಾ?"

"ಆರು ಸಾಕು ಮಾವ."

ಹೆಂಡತಿ ಒಳಗಿನಿಂದ ಬಗ್ಗಿ ನೋಡಿದಳು. ಮಾವ ಸೊಸೆ ಬಾಲ್ಕನಿಯಲ್ಲಿ ಕುಕ್ಕರಗಾಲಲ್ಲಿ ಕೂತು ಮರಳು ಜರಡಿ ಹಿಡಿಯುತ್ತಿದ್ದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಸಂಜೆ ಅನ್ನಕ್ಕೆ ತುಪ್ಪ ಹಾಕಿದಳು. ಸೊಸೆ ತಾನೇ ಬಡಿಸುತ್ತ, "ಇನ್ನೂ ಹಾಕ್ಲಾ ಮಾವ?" ಎಂದಳು. ಹೊಟ್ಟೆ ತುಂಬಿದ್ದರೂ ಡ್ರೆಸ್ಸರ್ ಎರಡು ಸಲ ಹಾಕಿಸಿಕೊಂಡ.

ಹತ್ತು ದಿನ ನೀರಿಲ್ಲ. ಆಮೇಲೆ ಎರಡು ವಾರಕ್ಕೊಮ್ಮೆ. ಬಿಸಿಲಿಗೂ ಒಮ್ಮೆಗೇ ಇಡಬಾರದೆಂದು ಚಿಕ್ಕವಳು ತಂದ ಕಾಗದ ಹೇಳಿತು. ಈ ಸಲ ಡ್ರೆಸ್ಸರ್ ಕಾಗದ ಓದಿದ. ಆರನೇ ವಾರ ಸೊಸೆ ಎರಡು ಬೆರಳಲ್ಲಿ ತುಂಡನ್ನು ಹಗುರವಾಗಿ ಎಳೆದು ನೋಡಿದಳು. ಅದು ಬರಲಿಲ್ಲ, ಮಣ್ಣನ್ನು ಹಿಡಿದುಕೊಂಡಿತ್ತು.

"ಬೇರು ಬಿಟ್ಟಿದೆ ಮಾವ."

"ನಾನೂ ನೋಡ್ಲಾ?"

"ನೋಡಿ."

ಅವನು ಕೈ ಮುಂದೆ ಮಾಡಿ, ಹಿಂದಕ್ಕೆಳೆದುಕೊಂಡ. "ಬೇಡ ಬಿಡು. ನೀನು ಹೇಳಿದ್ಯಲ್ಲ, ಸಾಕು."

ಅದೇ ವಾರ, ಎಲ್ಲರೂ ಬೆಳಗಿನ ಚಹಾಕ್ಕೆ ಕೂತಾಗ ಸೊಸೆ ಹೇಳಿದಳು. ಅವಳ ಅಂಗಡಿಯವರು ಬೇರೆ ಊರಲ್ಲಿ ಇನ್ನೊಂದು ಅಂಗಡಿ ತೆರೆದಿದ್ದಾರೆ. ಗಾಜು ಉಜ್ಜುವವರು ಬೇಕು. ಹೋಗುತ್ತೇನೆ ಎಂದು ಒಪ್ಪಿಕೊಂಡಿದ್ದಾಳೆ. ಜೊತೆ ಕೆಲಸದವಳೊಬ್ಬಳು ಕೋಣೆ ನೋಡಿದ್ದಾಳೆ.

"ಒಪ್ಕೊಂಡಾಯ್ತಾ? ನಮ್ಮನ್ನ ಕೇಳ್ಲೂ ಇಲ್ಲ!" ಹೆಂಡತಿಯ ಲೋಟ ತುಳುಕಿತು. "ಏನು ಕಮ್ಮಿ ಮಾಡಿದ್ವೇ ನಿಂಗೆ? ಈಗ ತಾನೇ ಮನೆ ಮನೆ ಥರ ಆಗ್ತಿತ್ತು!"

"ಕಮ್ಮಿ ಏನೂ ಆಗಿಲ್ಲ ಅತ್ತೆ."

"ಮತ್ತೆ? ಒಬ್ಬಳೇ ಹೋಗಿ ಪರಸ್ಥಳದಲ್ಲಿ ಏನು ಗುಡ್ಡೆ ಹಾಕ್ತೀಯ? ಹುಷಾರಿಲ್ಲದಾಗ ಒಂದು ಲೋಟ ನೀರು ಕೊಡೋರು ಯಾರು?"

"ಅಮ್ಮಾ, ಸ್ವಲ್ಪ ಸುಮ್ನಿರು" ಎಂದಳು ಚಿಕ್ಕವಳು. "ಅತ್ತಿಗೆ ಮಾತಾಡ್ಲಿ."

"ನೀನು ಸುಮ್ನಿರೇ! ಎಲ್ಲದಕ್ಕೂ ಮಧ್ಯೆ ಬಾಯಿ ಹಾಕೋದು ಒಂದು..."

ಡ್ರೆಸ್ಸರ್ ಚಹಾದ ಲೋಟ ಕೆಳಗಿಟ್ಟ. "ನನ್ನಿಂದಾನಾ?" ಎಂದ.

ಹೆಂಡತಿ ತುಳುಕಿದ ಚಹಾವನ್ನು ಸೆರಗಿನಿಂದ ಒರೆಸಿದಳು.

"ಹೌದು ಮಾವ."

"ಇನ್ನೂ ಕೋಪ ಇದೆಯಾ?"

"ಇಲ್ಲ. ಇತ್ತು, ಈಗಿಲ್ಲ." ಸೊಸೆ ಲೋಟದ ಅಂಚನ್ನು ಬೆರಳಿಂದ ಒರೆಸಿದಳು. "ಕೋಪ ಇದ್ದಾಗ ಇಲ್ಲಿ ಇರೋಕೆ ನಂಗೊಂದು ಕೆಲಸ ಇತ್ತು. ಬೆಳಿಗ್ಗೆ ಎದ್ರೆ ನಿಮ್ಮ ಹತ್ರ ಮಾತಾಡಬಾರದು, ಸಂಜೆ ಬಂದ್ರೆ ಮಾತಾಡಬಾರದು. ಅದರಲ್ಲೇ ದಿನ ಹೋಗ್ತಿತ್ತು. ಈಗ ನೀವು ಮಾವ, ನಾನು ಸೊಸೆ. ಎಲ್ಲ ಸರಿ ಇದೆ. ಅವರು ಮಾತ್ರ ಇಲ್ಲ. ಅವರು ಇಲ್ಲ ಅನ್ನೋದು ನಂಗೆ ಈಗ ಗೊತ್ತಾಗ್ತಿದೆ."

"ಹಂಗಾದ್ರೆ ಮಾತು ಬಿಟ್ಟುಬಿಡಮ್ಮ. ಮೊದಲಿನ ಥರಾನೇ ಇದ್ದುಬಿಡು. ನಂಗೇನೂ ಬೇಜಾರಿಲ್ಲ."

ಅವನು ತಮಾಷೆಗೆ ಅನ್ನಲಿಲ್ಲ. ಚಿಕ್ಕವಳು ಮುಖ ತಿರುಗಿಸಿಕೊಂಡು ಎದ್ದು ಹೋದಳು.

"ಆಗಲ್ಲ ಮಾವ. ಆಡಿ ಆಯ್ತಲ್ಲ" ಎಂದಳು ಸೊಸೆ.

ಮುಂದಿನ ಮಂಗಳವಾರ ಹೊರಟಳು. ಎರಡು ಚೀಲ, ಒಂದು ಪೆಟ್ಟಿಗೆ. ಗಂಡನ ಒಂದು ಅಂಗಿ ತೆಗೆದುಕೊಂಡಳು, ಉಳಿದವನ್ನು ಮಡಿಸಿ ಕಪಾಟಿನಲ್ಲೇ ಬಿಟ್ಟಳು. ಹೆಂಡತಿ ಅಳುತ್ತಲೇ ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಟಿಕೊಟ್ಟಳು, ಉಪ್ಪಿನ ಪೊಟ್ಟಣ ಬೇರೆ ಇಟ್ಟಿದ್ದೇನೆ ಎಂದು ಮೂರು ಸಲ ಹೇಳಿದಳು. ಡ್ರೆಸ್ಸರ್ ಬಾಲ್ಕನಿಯಿಂದ ಡಬ್ಬಿ ಎತ್ತಿಕೊಂಡು ಬಂದ. ಕಳ್ಳಿಯ ತುದಿಯಲ್ಲಿ ಹೊಸ ಮುಳ್ಳು ಎರಡು, ಎಳೆಯವು, ಬೆಕ್ಕಿನ ಮೀಸೆಯಷ್ಟು ತೆಳುವಾಗಿದ್ದವು.

"ತಗೊಂಡು ಹೋಗು. ಅವನದು."

ಸೊಸೆ ನೋಡಿದಳು. ಮುಟ್ಟಲು ಕೈ ಎತ್ತಿ, ಚೀಲದ ಪಟ್ಟಿ ಸರಿಮಾಡಿಕೊಂಡಳು.

"ಬಸ್ಸಲ್ಲಿ ಅಲ್ಲಾಡುತ್ತೆ ಮಾವ. ಈಗ ತಾನೇ ಹಿಡ್ಕೊಂಡಿದೆ. ಇಲ್ಲೇ ಇರ್ಲಿ."

"ನಾನು ಕೆಡಿಸಿಬಿಟ್ರೆ?"

ಅವಳು ಬಗ್ಗಿ ಅತ್ತೆಯ ಕೈಗಳನ್ನು ಎರಡೂ ಸೇರಿಸಿ ಹಿಡಿದಳು, ಬಿಟ್ಟಳು. ಚಿಕ್ಕವಳು ಪೆಟ್ಟಿಗೆ ಎತ್ತಿಕೊಂಡು ಮುಂದೆ ಇಳಿದಳು.

"ಭಾನುವಾರ ರಜ ಅಲ್ವಾ?" ಹೆಂಡತಿ ಮೆಟ್ಟಿಲ ಮೇಲಿಂದ ಕೂಗಿದಳು. "ಭಾನುವಾರ ಊಟಕ್ಕೆ ಬಾ! ಎರಡು ಗಂಟೆ ದಾರಿ ಅಷ್ಟೇ!"

"ಸರಿ ಅತ್ತೆ" ಎಂದು ಕೆಳಗಿನಿಂದ ದನಿ ಬಂತು.

ಡ್ರೆಸ್ಸರ್ ವರಾಂಡದ ಕಟಕಟೆ ಹಿಡಿದು ಬೀದಿ ನೋಡಿದ. ಇಬ್ಬರೂ ಟೈಲರ್ ಅಂಗಡಿ ದಾಟಿದರು, ಗಡಿಯಾರದ ಅಂಗಡಿ ದಾಟಿದರು. ಗಡಿಯಾರದವನು ಏನೋ ಕೇಳಿದ, ಸೊಸೆ ನಿಂತು ಉತ್ತರ ಹೇಳಿದಳು. ಆಮೇಲೆ ತಿರುವು ಬಂತು.

ಮುಕ್ಕಾಲು ಗಂಟೆ ಬಿಟ್ಟು ಚಿಕ್ಕವಳು ಒಬ್ಬಳೇ ಬಂದಳು. "ಕಿಟಕಿ ಪಕ್ಕ ಸೀಟು ಸಿಕ್ತು" ಎಂದಳು.

ಭಾನುವಾರ ಹೆಂಡತಿ ಬೆಳಿಗ್ಗೆಯೇ ಒಲೆ ಹಚ್ಚಿದಳು. ಡ್ರೆಸ್ಸರ್ ಹನ್ನೊಂದಕ್ಕೆ ಬಸ್ ನಿಲ್ದಾಣಕ್ಕೆ ಹೋಗಿ ನಾಲ್ಕು ಬಸ್ಸು ನೋಡಿ ವಾಪಸ್ಸು ಬಂದ. ಕೆಲಸ ಹೊಸದು, ರಜ ಸಿಕ್ಕಿರಲ್ಲ ಎಂದಳು ಹೆಂಡತಿ. ಮುಂದಿನ ಭಾನುವಾರವೂ ಅವನು ಹೋದ. ಆ ಸಲ ಆರು ಬಸ್ಸು ನೋಡಿದ. ಮೂರನೇ ಭಾನುವಾರ ಚಪ್ಪಲಿ ಮೆಟ್ಟುತ್ತಿದ್ದವನನ್ನು ಮಗಳು ಬಾಗಿಲಲ್ಲೇ ತಡೆದಳು.

"ಅಪ್ಪಾ, ಅತ್ತಿಗೆ ಬರಲ್ಲ."

"ಸರಿ ಅತ್ತೆ ಅಂದ್ಲಲ್ಲ."

"ಮೆಟ್ಟಿಲಿಳೀತಾ ಬಾಯಿಮಾತಿಗೆ ಅಂದಿದ್ದು ಅಪ್ಪಾ ಅದು. ಊಟಕ್ಕೆ ಬಾ."

ಅವನು ಚಪ್ಪಲಿ ಬಿಟ್ಟ. ಕೈ ತೊಳೆದುಕೊಂಡು ಬಂದು ಊಟಕ್ಕೆ ಕೂತ.